ಎಂ.ಆರ್.ಐ. ಯಂತ್ರದ ಹಿಂದಿನ ವಿಜ್ಞಾನಿ: ಐ.ಐ. ರಾಬಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಒಬ್ಬ ಸಾಧಕರ ಜೀವನವನ್ನು ಮಕ್ಕಳಿಗೆ ಅರ್ಥವಾಗುವ ಹಾಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ಸಿ.ವಿ. ರಾಮನ್ ಅವರ ಬಗ್ಗೆ ನಾವೆಲ್ಲ ಪಠ್ಯಪುಸ್ತಕದಲ್ಲೇ ಓದಿದ್ದೇವೆ. ಪಠ್ಯಪುಸ್ತಕದಲ್ಲಿ ಅಷ್ಟಾಗಿ ಕಾಣಿಸದ, ಆದರೆ ನನ್ನ ಅನ್ನಕ್ಕೆ ಒಂದು ರೀತಿಯಲ್ಲಿ ಕಾರಣರಾದ ವಿಜ್ಞಾನಿಯೊಬ್ಬರನ್ನು ಆರಿಸಿಕೊಂಡಿದ್ದೇನೆ. ಬಿ.ಇ. ಮುಗಿಸಿದ ಮೇಲೆ ನಾನು ಸೇರಿದ್ದು ಆಸ್ಪತ್ರೆಗಳ ಸ್ಕ್ಯಾನ್ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ವೈದ್ಯರಿಗೆ ತೋರಿಸುವ ಸಾಫ್ಟ್‌ವೇರ್ ಕೆಲಸಕ್ಕೆ. ಆ ಚಿತ್ರಗಳಲ್ಲಿ ಬಹುಪಾಲು ಎಂ.ಆರ್.ಐ. ಚಿತ್ರಗಳು. ಆ ಯಂತ್ರದ ಮೂಲ ಹುಡುಕುತ್ತಾ ಹೋದರೆ ಸಿಗುವ ಹೆಸರು ಇಸಿಡೋರ್ ಐಸಾಕ್ ರಾಬಿ.

ರಾಬಿ ಎಂದರೆ ನಮ್ಮ ಕಡೆಯವರಿಗೆ ಹಿಂಗಾರು ಬೆಳೆ ನೆನಪಾಗುತ್ತದೆ. ಹಿಂಗಾರು ಬೆಳೆ ಬಿತ್ತಿದ ನಾಲ್ಕೈದು ತಿಂಗಳಲ್ಲಿ ಕೈಗೆ ಬರುತ್ತದೆ. ಈ ರಾಬಿ ಬಿತ್ತಿದ ಬೆಳೆ ಕೈಗೆ ಬರಲು ನಲವತ್ತು ವರ್ಷ ಬೇಕಾಯಿತು.

ಅವರು ಹುಟ್ಟಿದ್ದು 1898ರ ಜುಲೈ 29ರಂದು, ರೈಮಾನೂವ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯದ ಗಲೀಷಿಯಾ ಪ್ರಾಂತಕ್ಕೆ ಸೇರಿತ್ತು, ಈಗ ಪೋಲೆಂಡಿನಲ್ಲಿದೆ. ಬಡ ಯಹೂದಿ ಕುಟುಂಬ. ಮಗು ಹುಟ್ಟಿದ ಸ್ವಲ್ಪ ದಿನಕ್ಕೇ ತಂದೆ ಹೊಟ್ಟೆಪಾಡಿಗಾಗಿ ಅಮೆರಿಕಕ್ಕೆ ಹೋದರು. ಕೆಲವು ತಿಂಗಳ ನಂತರ ತಾಯಿ ಮಗುವನ್ನು ಎತ್ತಿಕೊಂಡು ನ್ಯೂಯಾರ್ಕಿಗೆ ಬಂದರು. ವಲಸೆ ಬಂದ ಬಡವರೇ ತುಂಬಿದ್ದ ಕೇರಿಯಲ್ಲಿ ಎರಡು ಕೋಣೆಯ ಮನೆ. ತಂದೆ ಸಿಕ್ಕ ಸಿಕ್ಕ ಕೂಲಿ ಮಾಡಿ, ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ಬ್ರೂಕ್ಲಿನ್‌ನ ಬ್ರೌನ್ಸ್‌ವಿಲ್ ಎಂಬಲ್ಲಿ ಒಂದು ಚಿಕ್ಕ ದಿನಸಿ ಅಂಗಡಿ ಇಟ್ಟರು.

ಮನೆಯಲ್ಲಿ ಆಡುತ್ತಿದ್ದ ಭಾಷೆ ಯಿಡ್ಡಿಶ್, ಶಾಲೆಯಲ್ಲಿ ಕಲಿಸುತ್ತಿದ್ದ ಭಾಷೆ ಇಂಗ್ಲಿಷ್. ಹುಡುಗನ ಹೆಸರು ಇಸ್ರೇಲ್. ಮನೆಯವರು ಇಜ್ಜಿ ಎಂದು ಕರೆಯುತ್ತಿದ್ದರು. ಶಾಲೆಗೆ ಸೇರಿಸುವಾಗ ತಾಯಿ ಅದೇ ಹೆಸರು ಹೇಳಿದರು. ದಾಖಲಿಸಿಕೊಂಡವರು ಅದನ್ನು ಇಸಿಡೋರ್ ಎಂಬುದರ ಚಿಕ್ಕ ರೂಪವೆಂದು ತಿಳಿದು ಹಾಗೆಯೇ ಬರೆದರು. ಆ ಹೆಸರೇ ಕೊನೆಯವರೆಗೂ ಉಳಿಯಿತು. ನಮ್ಮ ದಾಖಲಾತಿ ಪುಸ್ತಕದಲ್ಲೂ ಹೀಗೆ ಹೆಸರು, ಜನ್ಮದಿನ ಬದಲಾದವರು ಎಷ್ಟು ಮಂದಿ ಇದ್ದಾರೋ!

ರಾಬಿಯವರು ದೊಡ್ಡವರಾದ ಮೇಲೆ ತಮ್ಮ ತಾಯಿಯ ಬಗ್ಗೆ ಒಂದು ಮಾತು ನೆನೆಯುತ್ತಿದ್ದರು. ನೆರೆಹೊರೆಯ ತಾಯಂದಿರು ಶಾಲೆಯಿಂದ ಬಂದ ಮಕ್ಕಳನ್ನು ಇವತ್ತು ಏನು ಕಲಿತೆ ಎಂದು ಕೇಳಿದರೆ, ಇವರ ತಾಯಿ ಮಾತ್ರ ಇವತ್ತು ಒಂದು ಒಳ್ಳೆಯ ಪ್ರಶ್ನೆ ಕೇಳಿದೆಯಾ ಎಂದು ವಿಚಾರಿಸುತ್ತಿದ್ದರಂತೆ. ತಾವು ವಿಜ್ಞಾನಿಯಾದದ್ದು ಅದರಿಂದಲೇ ಎಂದು ಅವರು ಹೇಳಿಕೊಂಡಿದ್ದಾರೆ. ಹೆಚ್ಚು ಓದಿಲ್ಲದ, ಅಂಗಡಿಯ ಕೆಲಸದಲ್ಲಿ ದಣಿದ ತಾಯಿಯೊಬ್ಬರು ಖರ್ಚಿಲ್ಲದೆ ಕೊಟ್ಟ ಆಸ್ತಿ ಇದು.

ಎರಡನೆಯ ಆಸ್ತಿ ಸಾರ್ವಜನಿಕ ಗ್ರಂಥಾಲಯ. ಅಲ್ಲಿಂದ ತಂದ ಒಂದು ಖಗೋಳಶಾಸ್ತ್ರದ ಪುಸ್ತಕದಲ್ಲಿ ಭೂಮಿಯೇ ಸೂರ್ಯನ ಸುತ್ತ ತಿರುಗುತ್ತದೆ ಎಂಬ ಕೋಪರ್ನಿಕಸ್‌ನ ವಿಚಾರ ಓದಿ ಹುಡುಗ ಬೆರಗಾದ. ಹಗಲು-ರಾತ್ರಿ, ಋತುಗಳು ಎಲ್ಲಕ್ಕೂ ಇಷ್ಟು ಸರಳವಾದ ಕಾರಣ ಇರಬಹುದೆಂಬುದು ಅವನಿಗೆ ಹೊಸ ಬೆಳಕಾಯಿತು. ಪ್ರಾಥಮಿಕ ಶಾಲೆಯಲ್ಲಿರುವಾಗಲೇ ರೇಡಿಯೋ ಕಂಡೆನ್ಸರ್ ವಿನ್ಯಾಸದ ಬಗ್ಗೆ ಒಂದು ಲೇಖನ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಹದಿಮೂರನೆಯ ವಯಸ್ಸಿನ ಧಾರ್ಮಿಕ ಸಂಸ್ಕಾರದ ದಿನ ಭಾಷಣ ಮಾಡಬೇಕಾಗಿ ಬಂದಾಗ, ವಿದ್ಯುತ್ ದೀಪ ಹೇಗೆ ಉರಿಯುತ್ತದೆ ಎಂಬುದನ್ನೇ ಯಿಡ್ಡಿಶ್ ಭಾಷೆಯಲ್ಲಿ ವಿವರಿಸಿದ. ತಿಳಿದ ವಿಜ್ಞಾನವನ್ನು ಮನೆಮಾತಿನಲ್ಲಿ ಹೇಳುವುದು ಅವನಿಗೆ ಕೀಳೆನಿಸಲಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಈ ಸಂಗತಿ ತುಂಬ ಹಿಡಿಸಿತು.

1916ರಲ್ಲಿ ಪ್ರೌಢಶಾಲೆ ಮುಗಿಸಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸೇರಿದರು. ಮೊದಲು ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ನಂತರ ರಸಾಯನಶಾಸ್ತ್ರ. 1919ರಲ್ಲಿ ಪದವಿ ಸಿಕ್ಕಿತು, ಆದರೆ ಕೆಲಸ ಸಿಗಲಿಲ್ಲ. ಆಗಿನ ಅಮೆರಿಕದಲ್ಲಿ ಯಹೂದಿಗಳಿಗೆ ವಿಶ್ವವಿದ್ಯಾಲಯಗಳಲ್ಲೂ ರಾಸಾಯನಿಕ ಕಾರ್ಖಾನೆಗಳಲ್ಲೂ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ಸ್ವಲ್ಪ ಕಾಲ ಪ್ರಯೋಗಾಲಯದಲ್ಲಿ ಪರೀಕ್ಷಕನಾಗಿ, ಸ್ವಲ್ಪ ಕಾಲ ಲೆಕ್ಕ ಬರೆಯುವವನಾಗಿ ದುಡಿದರು. ಪದವಿ ಮುಗಿದು ಮೂರು ವರ್ಷ ಹೀಗೆ ಕಳೆದ ಮೇಲೆ, 1922ರಲ್ಲಿ ಮತ್ತೆ ಓದಲು ಹೊರಟರು. ತಮಗೆ ರಸಾಯನಶಾಸ್ತ್ರದಲ್ಲಿ ಇಷ್ಟವಾಗುತ್ತಿದ್ದ ಭಾಗಕ್ಕೆ ಭೌತಶಾಸ್ತ್ರ ಎಂದು ಹೆಸರು ಎಂಬುದು ಅವರಿಗೆ ಹೊಳೆದದ್ದು ಆಗಲೇ.

ಮರುವರ್ಷ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿ, ಹೊಟ್ಟೆಪಾಡಿಗೆ ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಾ ಸಂಶೋಧನೆ ಮಾಡಿದರು. ವಿಷಯ, ಕೆಲವು ಲವಣದ ಹರಳುಗಳು ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತವೆ ಎಂಬುದು. ಆಗಿದ್ದ ವಿಧಾನದಲ್ಲಿ ಹರಳನ್ನು ಕತ್ತರಿಸಿ, ಉಜ್ಜಿ, ಕಾಂತಕ್ಷೇತ್ರವನ್ನು ಪ್ರತಿ ಬಿಂದುವಿನಲ್ಲೂ ಅಳೆಯಬೇಕಿತ್ತು. ಅಷ್ಟು ಬೇಸರದ ಕೆಲಸ ರಾಬಿಗೆ ಆಗದು. ಅವರು ಹರಳನ್ನು ದಾರದಲ್ಲಿ ಕಟ್ಟಿ ಒಂದು ದ್ರಾವಣದೊಳಗೆ ಇಳಿಬಿಟ್ಟರು. ದ್ರಾವಣದ ಸಾಂದ್ರತೆ ಬದಲಿಸುತ್ತಾ ಹೋದರೆ ಒಂದು ಹಂತದಲ್ಲಿ ಹರಳು ಮತ್ತು ದ್ರಾವಣ ಎರಡೂ ಕಾಂತಕ್ಕೆ ಒಂದೇ ರೀತಿ ಸ್ಪಂದಿಸುತ್ತವೆ. ಆಗ ಕಾಂತವನ್ನು ಹಚ್ಚಿದರೂ ಹರಳು ಅಲುಗುವುದಿಲ್ಲ. ಇನ್ನು ಅಳೆಯಬೇಕಾದದ್ದು ದ್ರಾವಣವನ್ನು ಮಾತ್ರ, ಅದು ಸುಲಭ. 1926ರ ಜುಲೈ 16ರಂದು ಈ ಪ್ರಬಂಧ ಒಪ್ಪಿಸಿ, ಮರುದಿನವೇ ಹೆಲೆನ್ ನ್ಯೂಮಾರ್ಕ್ ಅವರನ್ನು ಮದುವೆಯಾದರು.

ಆ ಹೊತ್ತಿಗೆ ಯುರೋಪಿನಲ್ಲಿ ಕ್ವಾಂಟಂ ಸಿದ್ಧಾಂತ ಹುಟ್ಟಿ ಭೌತಶಾಸ್ತ್ರವೇ ಬದಲಾಗುತ್ತಿತ್ತು. 1927ರಲ್ಲಿ ಒಂದು ವಿದ್ಯಾರ್ಥಿವೇತನ ಹಿಡಿದು ರಾಬಿ ಅಲ್ಲಿಗೆ ಹೋದರು. ಸೊಮ್ಮರ್‌ಫೆಲ್ಡ್, ಬೋರ್, ಪೌಲಿ, ಹೈಸನ್‌ಬರ್ಗ್ ಹೀಗೆ ದೊಡ್ಡವರ ಮನೆಬಾಗಿಲಿಗೆಲ್ಲ ಹೋಗಿ ಕಲಿತರು. ಅವರ ಬದುಕಿನ ದಾರಿ ನಿಶ್ಚಯವಾದದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ, ಒಟ್ಟೊ ಸ್ಟರ್ನ್ ಅವರ ಪ್ರಯೋಗಾಲಯದಲ್ಲಿ. ಸ್ಟರ್ನ್ ನಿರ್ವಾತದಲ್ಲಿ ಪರಮಾಣುಗಳ ತೆಳುವಾದ ಧಾರೆ ಹರಿಸಿ, ಕಾಂತದ ಪಕ್ಕದಲ್ಲಿ ಅದು ಹೇಗೆ ಬಾಗುತ್ತದೆಂದು ನೋಡುತ್ತಿದ್ದರು. ರಾಬಿ ಅದಕ್ಕೆ ಹೊಸದೊಂದು ಉಪಾಯ ಸೂಚಿಸಿದರು. ಸ್ಟರ್ನ್ ಅದನ್ನು ಅಲ್ಲಿಯೇ ಮಾಡಿ ನೋಡಲು ಹೇಳಿದರು. ಸಿದ್ಧಾಂತ ಓದಲು ಹೋದವರು ಪ್ರಯೋಗಕಾರರಾಗಿ ಮರಳಿದರು.

1929ರಲ್ಲಿ ಕೊಲಂಬಿಯಾದಲ್ಲಿ ಅಧ್ಯಾಪಕ ಹುದ್ದೆ ಸಿಕ್ಕಿತು. ಹೈಸನ್‌ಬರ್ಗ್ ಅವರ ಶಿಫಾರಸು ಅದಕ್ಕೆ ನೆರವಾಗಿತ್ತು. ಆ ಭೌತಶಾಸ್ತ್ರ ವಿಭಾಗಕ್ಕೆ ನೇಮಕವಾದ ಮೊದಲ ಯಹೂದಿ ಅವರು. ಅಲ್ಲಿಂದ ಮುಂದಿನ ಹತ್ತು ವರ್ಷ ಅವರು ಒಂದೇ ಪ್ರಶ್ನೆಯ ಬೆನ್ನು ಹತ್ತಿದರು. ಪರಮಾಣುವಿನ ನಡುವೆ ಇರುವ ನ್ಯೂಕ್ಲಿಯಸ್ ಎಷ್ಟು ಬಲದ ಕಾಂತ?

ಈ ಪ್ರಶ್ನೆಯನ್ನು ನಮ್ಮ ಆಟದ ಮೈದಾನದ ಭಾಷೆಯಲ್ಲಿ ಹೇಳುತ್ತೇನೆ. ಬುಗುರಿ ಆಡಿದವರೆಲ್ಲ ನೋಡಿರುತ್ತೀರಿ. ಬುಗುರಿ ತನ್ನ ಸುತ್ತ ತಾನು ತಿರುಗುತ್ತಾ, ವೇಗ ಕಡಿಮೆಯಾದಾಗ ತಲೆಯನ್ನು ನಿಧಾನವಾಗಿ ವೃತ್ತಾಕಾರದಲ್ಲಿ ತೂಗುತ್ತದೆ. ನ್ಯೂಕ್ಲಿಯಸ್ಸುಗಳೂ ಹೀಗೆ ತಿರುಗುವ ಪುಟ್ಟ ಕಾಂತಗಳೆಂದು ಭಾವಿಸಬಹುದು. ಹೊರಗಿನಿಂದ ಬಲವಾದ ಕಾಂತಕ್ಷೇತ್ರ ಬಿದ್ದಾಗ ಅವು ಬುಗುರಿಯ ಹಾಗೆ ತಲೆ ತೂಗುತ್ತವೆ. ಸೆಕೆಂಡಿಗೆ ಎಷ್ಟು ಸಲ ತೂಗುತ್ತವೆ ಎಂಬುದು ಎರಡು ಸಂಗತಿಗಳ ಮೇಲೆ ನಿಂತಿದೆ: ಹೊರಗಿನ ಕ್ಷೇತ್ರದ ಬಲ ಮತ್ತು ಆ ನ್ಯೂಕ್ಲಿಯಸ್ಸಿನ ಸ್ವಂತ ಗುಣ. ಹಾಗಾಗಿ ತೂಗಾಟದ ಲೆಕ್ಕ ಸಿಕ್ಕಿದರೆ ನ್ಯೂಕ್ಲಿಯಸ್ಸಿನ ಕಾಂತಬಲವೂ ಸಿಕ್ಕಿದಂತೆ. ಆದರೆ ಕಣ್ಣಿಗೆ ಕಾಣದ ಬುಗುರಿಯ ತೂಗಾಟವನ್ನು ಎಣಿಸುವುದು ಹೇಗೆ?

ಉಯ್ಯಾಲೆ ತೂಗುವಾಗ ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಸಣ್ಣ ಕೈಯ ಬಲದಲ್ಲೇ ಅದು ಎತ್ತರಕ್ಕೆ ಹೋಗುತ್ತದೆ, ಲಯ ತಪ್ಪಿದರೆ ಎಷ್ಟು ತಳ್ಳಿದರೂ ವ್ಯರ್ಥ. ಇದೇ ಅನುರಣನ. ರಾಬಿ ಇದನ್ನೇ ಬಳಸಿದರು. ನಿರ್ವಾತದ ಉದ್ದನೆಯ ಕೊಳವೆಯಲ್ಲಿ ಅಣುಗಳ ಧಾರೆ ಹರಿಸಿದರು. ಮೊದಲ ಕಾಂತ ಧಾರೆಯನ್ನು ಒಂದು ಕಡೆಗೆ ಬಾಗಿಸುತ್ತದೆ, ಕೊನೆಯ ಕಾಂತ ಅದನ್ನು ಮತ್ತೆ ದಾರಿಗೆ ತಂದು ಪತ್ತೆಕಾರಕ್ಕೆ ಮುಟ್ಟಿಸುತ್ತದೆ. ಇವೆರಡರ ನಡುವೆ ಮೂರನೆಯ ಕಾಂತ, ಅದರೊಳಗೆ ರೇಡಿಯೋ ತರಂಗ ಹೊಮ್ಮಿಸುವ ಒಂದು ಚಿಕ್ಕ ತಂತಿಸುರುಳಿ. ರೇಡಿಯೋ ತರಂಗದ ಲಯ ನ್ಯೂಕ್ಲಿಯಸ್ಸಿನ ತೂಗಾಟದ ಲಯಕ್ಕೆ ಸರಿಯಾಗಿ ಹೊಂದಿದ ಕ್ಷಣ ನ್ಯೂಕ್ಲಿಯಸ್ ತನ್ನ ದಿಕ್ಕು ಬದಲಿಸುತ್ತದೆ. ದಿಕ್ಕು ಬದಲಿಸಿದ್ದನ್ನು ಕೊನೆಯ ಕಾಂತ ದಾರಿಗೆ ತರಲಾರದು. ಪತ್ತೆಕಾರವನ್ನು ಮುಟ್ಟುವ ಅಣುಗಳ ಸಂಖ್ಯೆ ತಟ್ಟನೆ ಇಳಿಯುತ್ತದೆ.

1937ರ ಶರತ್ಕಾಲದಲ್ಲಿ ಡಚ್ ವಿಜ್ಞಾನಿ ಗೋರ್ಟರ್ ಕೊಲಂಬಿಯಾಕ್ಕೆ ಬಂದಿದ್ದರು. ಇಂಥದೇ ಅನುರಣನವನ್ನು ಹರಳುಗಳಲ್ಲಿ ಹುಡುಕಿ ಸೋತ ಕಥೆಯನ್ನು ಅವರು ಹೇಳಿದರು. ಆ ಮಾತುಕತೆಯ ಬಳಿಕ ರಾಬಿ ಮತ್ತು ಸಂಗಡಿಗರಾದ ಜಕರಿಯಾಸ್, ಮಿಲ್‌ಮನ್, ಕುಶ್ ತಡಮಾಡದೆ ತಮ್ಮ ಉಪಕರಣವನ್ನು ಮಾರ್ಪಡಿಸಿದರು. ಲಿಥಿಯಂ ಕ್ಲೋರೈಡ್ ಅಣುಗಳ ಧಾರೆ ಹರಿಸಿ, ರೇಡಿಯೋ ಆವರ್ತನವನ್ನು ಒಂದೇ ಕಡೆ ನಿಲ್ಲಿಸಿ, ನಡುವಿನ ಕಾಂತದ ಬಲವನ್ನು ನಿಧಾನವಾಗಿ ಬದಲಿಸುತ್ತಾ ಹೋದರು. ಗ್ರಾಫಿನ ಗೆರೆ ಸಮನಾಗಿ ಸಾಗಿ, ಒಂದು ಕಡೆ ಬಾವಿಯಂತೆ ಆಳಕ್ಕೆ ಇಳಿದು ಮತ್ತೆ ಮೇಲೆ ಬಂತು. 1938ರ ಆರಂಭದಲ್ಲಿ ಪ್ರಕಟವಾದ ಆ ಪುಟ್ಟ ವರದಿಯೇ ಕಾಂತೀಯ ಅನುರಣನದ ಜನ್ಮಪತ್ರ. ಈ ಕೆಲಸಕ್ಕೆ ರಾಬಿಯವರಿಗೆ 1944ನೇ ಸಾಲಿನ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂದಿತ್ತು. 1940ರಲ್ಲಿ ರಾಬಿ ತಮ್ಮ ಉಪಕರಣಗಳನ್ನು ಬಿಟ್ಟು ಎಂ.ಐ.ಟಿ.ಯಲ್ಲಿ ರೇಡಾರ್ ಪ್ರಯೋಗಾಲಯ ಸೇರಿದರು. ಅಣುಬಾಂಬ್ ಯೋಜನೆಯ ಉಪನಿರ್ದೇಶಕರಾಗಲು ಗೆಳೆಯ ಓಪನ್‌ಹೈಮರ್ ಕರೆದಾಗ ಒಪ್ಪಲಿಲ್ಲ. ಭೌತಶಾಸ್ತ್ರದ ಮುನ್ನೂರು ವರ್ಷಗಳ ಸಾಧನೆ ಒಂದು ಸಾಮೂಹಿಕ ನಾಶದ ಆಯುಧದಲ್ಲಿ ಕೊನೆಗಾಣುವುದು ಅವರಿಗೆ ಬೇಕಿರಲಿಲ್ಲ. ಆದರೂ ಸಲಹೆಗಾರರಾಗಿ ಹೋಗಿ ಬರುತ್ತಿದ್ದರು. 1945ರ ಜುಲೈ 16ರ ಮೊದಲ ಸ್ಫೋಟವನ್ನು ಕಣ್ಣಾರೆ ಕಂಡರು. 1949ರಲ್ಲಿ ಹೈಡ್ರೋಜನ್ ಬಾಂಬ್ ಮಾಡಬೇಕೇ ಎಂಬ ಪ್ರಶ್ನೆ ಸರ್ಕಾರದ ಸಲಹಾ ಸಮಿತಿಯ ಮುಂದೆ ಬಂದಾಗ, ಫರ್ಮಿ ಮತ್ತು ರಾಬಿ ಇಬ್ಬರೂ ಅದು ಯಾವ ದೃಷ್ಟಿಯಿಂದ ನೋಡಿದರೂ ಕೆಡುಕೆಂದು ಲಿಖಿತವಾಗಿ ವಿರೋಧಿಸಿದರು. 1954ರಲ್ಲಿ ಓಪನ್‌ಹೈಮರ್ ಅವರ ದೇಶನಿಷ್ಠೆಯನ್ನೇ ಶಂಕಿಸಿ ವಿಚಾರಣೆ ನಡೆದಾಗ, ಅನೇಕರು ಹಿಂದೆ ಸರಿದರೂ ರಾಬಿ ಗೆಳೆಯನ ಪರ ನಿಂತು ಸಾಕ್ಷಿ ಹೇಳಿದರು. ನೊಬೆಲ್ ಪ್ರಶಸ್ತಿಗಿಂತ ಇದು ಸಣ್ಣ ಸಂಗತಿಯೆಂದು ನನಗೆ ಅನ್ನಿಸುವುದಿಲ್ಲ.

ಇತ್ತ ಅವರು ಬಿತ್ತಿದ ಬೀಜ ಮೊಳೆಯುತ್ತಿತ್ತು. ರಾಬಿಯವರ ವಿಧಾನಕ್ಕೆ ನಿರ್ವಾತದ ಕೊಳವೆ, ಅಣುಗಳ ಧಾರೆ ಬೇಕಿತ್ತು. ರೇಡಾರ್ ಪ್ರಯೋಗಾಲಯದಲ್ಲಿ ಅವರ ಒಡನಾಟದಲ್ಲಿದ್ದ ಪರ್ಸೆಲ್ ಹಾರ್ವರ್ಡಿನಲ್ಲೂ, ಫೆಲಿಕ್ಸ್ ಬ್ಲಾಕ್ ಸ್ಟ್ಯಾನ್‌ಫರ್ಡಿನಲ್ಲೂ ಯುದ್ಧ ಮುಗಿದ ಕೂಡಲೇ ಬೇರೆ ಬೇರೆಯಾಗಿ ಅದೇ ಅನುರಣನವನ್ನು ಮೇಣ, ನೀರು ಮುಂತಾದ ಸಾಮಾನ್ಯ ವಸ್ತುಗಳಲ್ಲೇ ತೋರಿಸಿದರು. ಅವರಿಬ್ಬರಿಗೆ 1952ರ ನೊಬೆಲ್ ಬಂತು. ಒಂದೇ ಅಣುವಿನಲ್ಲಿದ್ದರೂ ಬೇರೆ ಬೇರೆ ನೆರೆಹೊರೆಯಲ್ಲಿರುವ ಹೈಡ್ರೋಜನ್ ನ್ಯೂಕ್ಲಿಯಸ್ಸುಗಳು ಸ್ವಲ್ಪ ಬೇರೆ ಬೇರೆ ಲಯದಲ್ಲಿ ತೂಗುತ್ತವೆ. 1951ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸಾಮಾನ್ಯ ಆಲ್ಕೋಹಾಲಿನಿಂದ ಹೀಗೆ ಮೂರು ಪ್ರತ್ಯೇಕ ಸಂಕೇತಗಳನ್ನು ಪಡೆದ ತಂಡದಲ್ಲಿ ಭಾರತೀಯ ವಿಜ್ಞಾನಿ ಎಸ್.ಎಸ್. ಧರ್ಮಟ್ಟಿ ಇದ್ದರು. ಅವರು ಮುಂದೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಈ ವಿಷಯದ ಸಂಶೋಧನೆ ಆರಂಭಿಸಿದರು. ಅದೇ 1951ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆಂದು ತೋರಿಸಿದರು. ಇಂದು ರಕ್ತನಾಳಗಳ ಹರಿವನ್ನು ಅಳೆಯುವ ಸ್ಕ್ಯಾನ್‌ಗಳ ಚರಿತ್ರೆಯಲ್ಲಿ ಈ ಕೆಲಸಕ್ಕೆ ಜಾಗವಿದೆ.

1973ರಲ್ಲಿ ಪಾಲ್ ಲಾಟರ್‌ಬರ್ ಈ ಸಂಕೇತದಿಂದ ಚಿತ್ರವನ್ನೇ ಬಿಡಿಸಿದರು. ಅವರ ಮೊದಲ ಚಿತ್ರದಲ್ಲಿದ್ದದ್ದು ನೀರು ತುಂಬಿದ ಎರಡು ಸಣ್ಣ ನಳಿಕೆ, ಅಷ್ಟೆ. ಉಪಾಯ ಸರಳ. ಕಾಂತಕ್ಷೇತ್ರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದರೆ ಪ್ರತಿ ಜಾಗದ ನ್ಯೂಕ್ಲಿಯಸ್ಸೂ ಬೇರೆ ಲಯದಲ್ಲಿ ತೂಗುತ್ತದೆ. ಲಯ ತಿಳಿದರೆ ಜಾಗ ತಿಳಿಯಿತು. ಪೀಟರ್ ಮ್ಯಾನ್ಸ್‌ಫೀಲ್ಡ್ ಇದನ್ನು ವೇಗಗೊಳಿಸಿದರು. ಇಬ್ಬರಿಗೂ 2003ರಲ್ಲಿ ನೊಬೆಲ್ ಬಂತು.

ನನ್ನ ಕೆಲಸ ಶುರುವಾಗುವುದು ಇಲ್ಲಿಂದ. ಯಂತ್ರದಿಂದ ಬರುವುದು ಚಿತ್ರವಲ್ಲ, ಬರೀ ಅಂಕಿಗಳು, ನೂರಾರು ಲಯಗಳು ಒಟ್ಟಿಗೆ ಕಲೆತ ಸದ್ದು. ಜಾತ್ರೆಯಲ್ಲಿ ಡೊಳ್ಳು, ತಾಳ, ಶಹನಾಯಿ ಒಟ್ಟಿಗೆ ಕೇಳಿದರೂ ಕಿವಿ ಬೇರೆ ಬೇರೆಯಾಗಿ ಗುರುತಿಸುತ್ತದಲ್ಲ, ಅದೇ ಕೆಲಸವನ್ನು ಫೊರಿಯೇ ಪರಿವರ್ತನೆ ಎಂಬ ಗಣಿತ ಮಾಡುತ್ತದೆ. ಹೊರಬರುವುದು ಮೆದುಳಿನ, ಮೊಣಕಾಲಿನ, ಬೆನ್ನುಹುರಿಯ ಚಿತ್ರ.

ಕಳೆದ ವರ್ಷ ನಮ್ಮ ತಂದೆಯವರ ಬೆನ್ನಿಗೆ ಈ ಸ್ಕ್ಯಾನ್ ಮಾಡಿಸಬೇಕಾಯಿತು. ಅದರಿಂದ ಮೈಗೆ ವಿಕಿರಣ ತಾಗುತ್ತದೆಂದು ಊರಿನಲ್ಲಿ ಯಾರೋ ಹೆದರಿಸಿದ್ದರು. ಹಿಂದಿನ ರಾತ್ರಿ ನಾನು ಅವರಿಗೆ ಬುಗುರಿಯ ಕಥೆ ಹೇಳಿದೆ. ಇದರಲ್ಲಿ ಎಕ್ಸ್-ರೇ ಇಲ್ಲ, ನಮ್ಮ ದೇಹದ ನೀರಿನಲ್ಲಿರುವ ಹೈಡ್ರೋಜನ್ನೇ ಬುಗುರಿ, ಯಂತ್ರ ಅದರ ಲಯ ಕೇಳಿಸಿಕೊಳ್ಳುತ್ತದೆ ಎಂದೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಕಾಣುವ 1.5 ಟೆಸ್ಲಾ ಯಂತ್ರದಲ್ಲಿ ಆ ಬುಗುರಿ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ ತೂಗುತ್ತದೆ. ಒಳಗೆ ಕೇಳುವ ಬಡಿತ ಕಾಂತಕ್ಷೇತ್ರವನ್ನು ಬದಲಿಸುವ ಸುರುಳಿಗಳದ್ದು. ಕಬ್ಬಿಣದ ವಸ್ತು ಒಯ್ಯಬಾರದು, ಮೈಯೊಳಗೆ ಪೇಸ್‌ಮೇಕರ್ ಮುಂತಾದ ಸಾಧನ ಇದ್ದರೆ ಮೊದಲೇ ತಿಳಿಸಬೇಕು. ಮಿಕ್ಕಂತೆ ಅಲುಗದೆ ಮಲಗಿದರೆ ಸಾಕು. ತಂದೆಯವರು ನೆಮ್ಮದಿಯಿಂದ ಹೋಗಿ ಮಲಗಿ ಬಂದರು. ಹಿಂದೆ ಈ ವಿದ್ಯೆಯ ಹೆಸರಿನಲ್ಲಿ ನ್ಯೂಕ್ಲಿಯರ್ ಎಂಬ ಮಾತಿತ್ತು. ಬಾಂಬಿನ ನೆನಪಾಗಿ ರೋಗಿಗಳು ಹೆದರಬಾರದೆಂದು ಆಸ್ಪತ್ರೆಗಳಲ್ಲಿ ಆ ಪದ ಕೈಬಿಟ್ಟರು. ಅದೇ ನ್ಯೂಕ್ಲಿಯಸ್ ಒಂದು ಕಡೆ ಊರು ಸುಡುತ್ತದೆ, ಇನ್ನೊಂದು ಕಡೆ ರೋಗ ತೋರಿಸುತ್ತದೆ. ರಾಬಿ ಈ ಎರಡನ್ನೂ ಹತ್ತಿರದಿಂದ ನೋಡಿದವರು.

ಯುದ್ಧದ ನಂತರ ಅವರು ವಿಜ್ಞಾನಿಗಳನ್ನು ಒಟ್ಟುಗೂಡಿಸುವುದಕ್ಕೆ ಬಹಳ ದುಡಿದರು. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದ ಸ್ಥಾಪನೆಯಲ್ಲಿ ಅವರ ಪಾಲಿದೆ. 1950ರಲ್ಲಿ ಫ್ಲಾರೆನ್ಸ್‌ನ ಯುನೆಸ್ಕೋ ಸಭೆಯಲ್ಲಿ ಅವರು ಮಂಡಿಸಿದ ಸೂಚನೆ ಮುಂದೆ ಜಿನೀವಾದ ಸರ್ನ್ ಸಂಸ್ಥೆಯಾಗಿ ಬೆಳೆಯಿತು. ಅಣುಶಕ್ತಿಯ ಶಾಂತಿಯುತ ಬಳಕೆಗಾಗಿ 1955ರಲ್ಲಿ ಜಿನೀವಾದಲ್ಲಿ ನಡೆದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನವನ್ನು ಏರ್ಪಡಿಸುವಲ್ಲಿ ಮುಂದೆ ನಿಂತವರು ರಾಬಿ, ಅದರ ಅಧ್ಯಕ್ಷರಾಗಿದ್ದವರು ನಮ್ಮ ಹೋಮಿ ಭಾಭಾ. ಅಣುಧಾರೆಯ ವಿಧಾನದಿಂದ ಬಹು ನಿಖರವಾದ ಗಡಿಯಾರ ಮಾಡಬಹುದೆಂದು 1945ರಲ್ಲೇ ರಾಬಿ ಸೂಚಿಸಿದ್ದರು. 1967ರಿಂದ ಸೆಕೆಂಡನ್ನು ಸೀಸಿಯಂ ಪರಮಾಣುವಿನ ಲಯದಿಂದಲೇ ಅಳೆಯುತ್ತಾರೆ. ನಮ್ಮ ಮೊಬೈಲು ದಾರಿ ತೋರಿಸುವುದು ಉಪಗ್ರಹಗಳಲ್ಲಿರುವ ಪರಮಾಣು ಗಡಿಯಾರಗಳಿಂದ.

ಮೇಷ್ಟರಾಗಿ ರಾಬಿ ಅಚ್ಚುಕಟ್ಟಾಗಿ ಪಾಠ ಮಾಡುವವರಲ್ಲವೆಂದು ಅವರ ಶಿಷ್ಯರೇ ಹೇಳಿದ್ದಾರೆ. ಆದರೆ ಯೋಗ್ಯರನ್ನು ಗುರುತಿಸುವ ಕಣ್ಣಿತ್ತು. ಬೇರೆ ಕಾಲೇಜಿನಲ್ಲಿ ತರಗತಿಗೆ ಹೋಗದೆ ಅಂಕ ಕಳೆದುಕೊಂಡಿದ್ದ ಜೂಲಿಯನ್ ಶ್ವಿಂಗರ್ ಎಂಬ ಹುಡುಗನನ್ನು ಕೊಲಂಬಿಯಾಕ್ಕೆ ಸೇರಿಸಿಕೊಂಡರು. ಆತ 1965ರಲ್ಲಿ ನೊಬೆಲ್ ಪಡೆದ. ಅವರ ಬಳಿ ಸಂಶೋಧನೆ ಮಾಡಿದ ರಾಮ್ಸೆ 1989ರಲ್ಲೂ, ಮಾರ್ಟಿನ್ ಪರ್ಲ್ 1995ರಲ್ಲೂ ಅದೇ ಪ್ರಶಸ್ತಿ ಪಡೆದರು.

ಬಾಳಿನ ಕೊನೆಯಲ್ಲಿ ರಾಬಿಯವರಿಗೆ ಕಾಯಿಲೆಯಾಯಿತು. ವೈದ್ಯರು ಎಂ.ಆರ್.ಐ. ಮಾಡಿಸಲು ಕಳಿಸಿದರು. ಆ ಯಂತ್ರದೊಳಗೆ ಮಲಗಿದಾಗ ಅದರ ಹೊಳೆಯುವ ಒಳಮೈಯಲ್ಲಿ ತಮ್ಮದೇ ಮುಖ ಕಂಡಿತಂತೆ. ತಮ್ಮ ಕೆಲಸ ಇಲ್ಲಿಯವರೆಗೆ ಬಂದೀತೆಂದು ಎಂದೂ ಎಣಿಸಿರಲಿಲ್ಲ ಎಂದು ಅವರು ಆಮೇಲೆ ಹೇಳಿದರು. 1988ರ ಜನವರಿ 11ರಂದು, 89ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ನಮ್ಮ ಶಾಲೆಯ ತಮ್ಮ ತಂಗಿಯರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಇದನ್ನು ಕಲಿತು ಏನು ಉಪಯೋಗ ಎಂದು ನಿಮ್ಮನ್ನು ಯಾರಾದರೂ ಕೇಳುತ್ತಾರೆ, ನೀವೂ ಕೇಳುತ್ತೀರಿ. 1938ರಲ್ಲಿ ರಾಬಿಯವರನ್ನು ಕೇಳಿದ್ದರೆ ಅವರ ಬಳಿ ಉತ್ತರ ಇರುತ್ತಿರಲಿಲ್ಲ. ಲಿಥಿಯಂ ನ್ಯೂಕ್ಲಿಯಸ್ಸಿನ ಕಾಂತಬಲ ತಿಳಿಯುವ ಆಸೆಯೊಂದೇ ಅವರಲ್ಲಿತ್ತು. ಉಪಯೋಗವನ್ನು ಮುಂದಿನ ಮೂರು ತಲೆಮಾರಿನವರು ಕಂಡುಕೊಂಡರು, ಅವರಲ್ಲಿ ಬೆಂಗಳೂರಿನವರೂ ಇದ್ದರು. ಐವತ್ತು ವರ್ಷದ ಹಿಂದೆ ಈ ಊರಿನಲ್ಲಿ ಪ್ರೌಢಶಾಲೆ ಬೇಕೆಂದು ಓಡಾಡಿದ ಹಿರಿಯರಿಗೂ ಇಲ್ಲಿಂದ ಯಾರು ಏನಾಗುತ್ತಾರೆಂದು ಗೊತ್ತಿರಲಿಲ್ಲ. ಆದರೂ ಕಟ್ಟಿದರು. ಅವರಿಗೂ, ನಮ್ಮ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿಸಿಕೊಂಡ ಗುರುಗಳಿಗೂ ನನ್ನ ನಮಸ್ಕಾರಗಳು. ಇವತ್ತು ಸಂಜೆ ಮನೆಗೆ ಹೋದಾಗ ತಂದೆತಾಯಿ ಕೇಳಲಿ ಬಿಡಲಿ, ತರಗತಿಯಲ್ಲಿ ಒಂದು ಒಳ್ಳೆಯ ಪ್ರಶ್ನೆ ಕೇಳಿದೆನೇ ಎಂದು ನಿಮ್ಮನ್ನು ನೀವೇ ವಿಚಾರಿಸಿಕೊಳ್ಳಿ.